ಹೆಬ್ಬೆಟ್ಟಿಗೂ ಒಂದು ಬೀಗ



ಈ ಹಂಗಾಮಿನಲ್ಲಿ ತಾವು ಎಷ್ಟು ಕಡೆ ಹೆಬ್ಬೆಟ್ಟು ಒತ್ತಿದಿರಿ ಎಂಬುದನ್ನು ಒಮ್ಮೆ ಎಣಿಸಿ ನೋಡಿ. ಯೂರಿಯಾ ತರಲು ಗೊಬ್ಬರದ ಅಂಗಡಿಯಲ್ಲಿ ಒಮ್ಮೆ. ತಿಂಗಳ ಅಕ್ಕಿಗಾಗಿ ನ್ಯಾಯಬೆಲೆ ಅಂಗಡಿಯಲ್ಲಿ ಒಮ್ಮೆ. ಪಿಎಂ ಕಿಸಾನ್ ಕಂತು ನಿಲ್ಲದಿರಲೆಂದು ಇ-ಕೆವೈಸಿಗಾಗಿ ಸೇವಾ ಕೇಂದ್ರದಲ್ಲಿ ಒಮ್ಮೆ. ಬ್ಯಾಂಕ್ ಮಿತ್ರನ ಬಳಿ ಹಣ ಬಿಡಿಸಿಕೊಳ್ಳುವಾಗ ಎರಡು ಮೂರು ಸಲ. ಜಮೀನಿನ ಭಾಗಪತ್ರವೋ ಕ್ರಯಪತ್ರವೋ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇನ್ನೊಮ್ಮೆ. ನಮ್ಮ ಅಜ್ಜಂದಿರು ಇಡೀ ಆಯುಷ್ಯದಲ್ಲಿ ಒತ್ತಿದಷ್ಟು ಹೆಬ್ಬೆಟ್ಟನ್ನು ನಾವು ಒಂದೇ ಮುಂಗಾರಿನಲ್ಲಿ ಒತ್ತಿ ಮುಗಿಸುತ್ತಿದ್ದೇವೆ.

ಬೀಜೋಪಚಾರ, ಗೊಬ್ಬರ, ಕೀಟಬಾಧೆ ಇವುಗಳ ಬಗ್ಗೆ ಬರೆಯಬೇಕಾದ ಗ್ರಾಮಸೇವಕನು ಇದನ್ನೇಕೆ ಹಿಡಿದನೆಂದು ತಾವು ಕೇಳಬಹುದು. ಒಕ್ಕಣೆ ಮುಗಿದು ಕಾಳು ಮನೆಗೆ ಬಂದ ಮೇಲೂ ಅದಕ್ಕೆ ಇಲಿ ಹೆಗ್ಗಣ ಬೀಳದಂತೆ ನೋಡಿಕೊಳ್ಳುವುದು ಬೇಸಾಯದ ಕೆಲಸವೇ ಅಲ್ಲವೇ? ಈಗ ಕಾಳು ಮಾರಿದ ಹಣವೂ ಸರ್ಕಾರದ ಸಹಾಯಧನವೂ ನೇರವಾಗಿ ಬ್ಯಾಂಕಿನ ಖಾತೆಗೆ ಬಂದು ಬೀಳುತ್ತವೆ. ಹೆಗ್ಗಣವೂ ಅಲ್ಲಿಗೇ ಬಂದಿದೆ.

ಹಿಂದೆ ಸಾಹುಕಾರನ ಸಾಲಪತ್ರಕ್ಕೆ ಒತ್ತಿದ ಹೆಬ್ಬೆಟ್ಟು ಒಂದೇ ಕಾಗದದ ಮೇಲೆ ಉಳಿಯುತ್ತಿತ್ತು. ಅದರಿಂದ ಮೋಸವಾಗುತ್ತಿರಲಿಲ್ಲ ಎಂದಲ್ಲ, ಬೇಕಾದಷ್ಟು ಆಗುತ್ತಿತ್ತು. ಆದರೆ ಮೋಸ ಮಾಡಬೇಕಾದವನು ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ತಮ್ಮ ಬಾಗಿಲಿಗೋ ಕೋರ್ಟಿಗೋ ಬರಬೇಕಾಗಿತ್ತು. ಈಗಿನ ಹೆಬ್ಬೆಟ್ಟು ಸಹಿಯಲ್ಲ, ಬೀಗದ ಕೈ. ಒತ್ತಿದ ಕ್ಷಣದಲ್ಲೇ ಬಾಗಿಲು ತೆರೆಯುತ್ತದೆ. ಬೀಗದ ಕೈ ಕಳೆದರೆ ಬೀಗ ಬದಲಾಯಿಸಬಹುದು; ಬೆರಳನ್ನು ಬದಲಾಯಿಸುವ ಹಾಗಿಲ್ಲ. ಅದಕ್ಕಾಗಿ ಇದರ ವಿಚಾರವನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಅವಶ್ಯ.

ಮೊದಲು ಯಂತ್ರದ ಕೆಲಸವನ್ನು ನೋಡೋಣ. ಗಾಜಿನ ಮೇಲೆ ಬೆರಳಿಟ್ಟಾಗ ಅದರ ಗೆರೆಗಳ ಚಿತ್ರ ಯಂತ್ರಕ್ಕೆ ಸಿಗುತ್ತದೆ. ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಮುಗಿಯುತ್ತವೆ ಎಂಬ ಗುರುತುಗಳು ಮುಖ್ಯ. ಆ ಗುರುತುಗಳು ತಮ್ಮ ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯೊಂದಿಗೆ, ದಾರಿಯಲ್ಲಿ ಯಾರೂ ಓದಲಾಗದ ಸಂಕೇತಲಿಪಿಯಲ್ಲಿ, ಆಧಾರ್ ಪ್ರಾಧಿಕಾರದ ಗಣಕಯಂತ್ರಗಳಿಗೆ ಹೋಗುತ್ತವೆ. ಆ ಯಂತ್ರಗಳಿರುವುದು ಬಹು ದೂರದಲ್ಲೇನೂ ಅಲ್ಲ. ಒಂದು ನೆಲೆ ನಮ್ಮ ಬೆಂಗಳೂರಿನಲ್ಲೇ ಇದೆ, ಇನ್ನೊಂದು ಹರಿಯಾಣದ ಮಾನೇಸರದಲ್ಲಿ. ಅಲ್ಲಿ ಮೊದಲೇ ಇರುವ ಗುರುತಿನೊಂದಿಗೆ ಹೋಲಿಸಿ "ಹೌದು, ಇವರೇ" ಅಥವಾ "ಅಲ್ಲ" ಎಂಬ ಉತ್ತರ ಬರುತ್ತದೆ. ಇ-ಕೆವೈಸಿ ಆದರೆ ಹೆಸರು, ವಿಳಾಸ, ಭಾವಚಿತ್ರವೂ ಬರುತ್ತವೆ.

ಹಣ ಬಿಡಿಸುವಾಗ ಇದರ ಮೇಲೆ ಇನ್ನೊಂದು ಹೆಜ್ಜೆ. ಬ್ಯಾಂಕ್ ಮಿತ್ರನು ತಮ್ಮ ಆಧಾರ್ ಸಂಖ್ಯೆ ಹಾಕಿ, ಬ್ಯಾಂಕಿನ ಹೆಸರು ಆರಿಸಿ, ಮೊತ್ತ ಬರೆದು, ಬೆರಳು ಇಡಿಸುತ್ತಾನೆ. "ಹೌದು" ಎಂದು ಬಂದರೆ ಆ ಬ್ಯಾಂಕಿನಲ್ಲಿ ಆಧಾರಿಗೆ ಜೋಡಿಸಿದ ಖಾತೆಯಿಂದ ಹಣ ಕಡಿತವಾಗುತ್ತದೆ. ಇಲ್ಲಿ ಎಟಿಎಂ ಕಾರ್ಡೂ ಬೇಡ, ಗುಪ್ತ ಸಂಖ್ಯೆಯೂ ಬೇಡ, ಫೋನಿಗೆ ಬರುವ ಓಟಿಪಿಯೂ ಬೇಡ. ಓದು ಬರಹ ಬಾರದ ಮುದುಕಿಯೂ ಪಿಂಚಣಿ ಹಣಕ್ಕೆ ಹದಿನೈದು ಮೈಲಿ ನಡೆಯದೆ, ಅಂಚೆಯಣ್ಣನು ಮನೆಬಾಗಿಲಿಗೆ ತಂದ ಯಂತ್ರದಲ್ಲೇ ಪಡೆಯಬಹುದಾದದ್ದು ಇದರಿಂದಲೇ. ಇದನ್ನು ನಾನು ಹಳಿಯುವುದಿಲ್ಲ. ಬಹಳ ಒಳ್ಳೆಯ ಅನುಕೂಲ. ಆದರೆ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಈ ಮೂರೇ ಸಾಕೆಂಬುದನ್ನು ಕಳ್ಳನೂ ಬಲ್ಲ.

ಮೋಸ ಎರಡು ಬಗೆಯಲ್ಲಿ ನಡೆಯುತ್ತದೆ. ಒಂದು ಕಣ್ಣೆದುರಿಗೇ ನಡೆಯುವಂಥದು. ಅಂಗಡಿಯವನು "ಬೆರಳು ಹಿಡಿಯಲಿಲ್ಲ ಅಜ್ಜಾ, ಇನ್ನೊಮ್ಮೆ ಇಡಿ" ಎನ್ನುತ್ತಾನೆ. ಮೊದಲ ಸಲವೇ ಹಿಡಿದು ಹಣ ಹೋಗಿರುತ್ತದೆ. ಎರಡನೆಯ ಸಲ ಮತ್ತೊಮ್ಮೆ ಹೋಗುತ್ತದೆ. ಕೈಗೆ ಬರುವುದು ಒಂದು ಸಲದ ಹಣ ಮಾತ್ರ. ಇನ್ನು ಕೆಲವರು ಕೆವೈಸಿ ಎಂದು ಹೇಳಿ ಪರದೆಯ ಮೇಲೆ ಹಣ ತೆಗೆಯುವ ಪುಟ ತೆರೆದಿರುತ್ತಾರೆ. ನಮ್ಮ ಜನರಿಗೆ ಇಲ್ಲೊಂದು ವಿಶೇಷ ತೊಂದರೆಯುಂಟು. ಗುದ್ದಲಿ ಹಿಡಿದು, ಅಡಿಕೆ ಸುಲಿದು, ಸುಣ್ಣ ಸಿಮೆಂಟು ಮುಟ್ಟಿ ಬೆರಳ ಗೆರೆಗಳು ಸವೆದಿರುತ್ತವೆ. ಯಂತ್ರ ನಿಜವಾಗಿಯೂ ಹಿಡಿಯದಿರುವುದು ನಮ್ಮಲ್ಲಿ ಸಾಮಾನ್ಯ. ಆದುದರಿಂದ "ಹಿಡಿಯಲಿಲ್ಲ" ಎಂಬ ಮಾತಿಗೆ ನಮಗೆ ಅನುಮಾನವೇ ಬರುವುದಿಲ್ಲ. ಹತ್ತು ಬೆರಳೂ ಒಂದಾದ ಮೇಲೊಂದು ಇಟ್ಟು ಕೊಡುತ್ತೇವೆ. ಪ್ರತಿಯೊಂದು ಸಲಕ್ಕೂ ಯಂತ್ರವು ಆಯಿತು ಅಥವಾ ಆಗಲಿಲ್ಲ ಎಂದು ತೋರಿಸುತ್ತದೆ. ಆಗದಿದ್ದರೆ "ಆಗದಿದ್ದ ಚೀಟಿ ಕೊಡಿ" ಎಂದು ಕೇಳತಕ್ಕದ್ದು. ಕೇಳುವುದರಲ್ಲಿ ಮರ್ಯಾದೆ ಹೋಗುವುದೇನೂ ಇಲ್ಲ. ಪ್ರಾಮಾಣಿಕನಾದ ಬ್ಯಾಂಕ್ ಮಿತ್ರ, ಹೆಚ್ಚಿನವರು ಅಂಥವರೇ, ಕೇಳಿದರೆ ಸಿಟ್ಟಾಗುವುದಿಲ್ಲ. ಬೆರಳಿಡುವ ಮುನ್ನ "ಇದು ಯಾವುದಕ್ಕೆ?" ಎಂಬ ಎರಡು ಮಾತನ್ನೂ ರೂಢಿ ಮಾಡಿಕೊಳ್ಳಿ.

ಎರಡನೆಯದು ಬೆರಳಚ್ಚನ್ನೇ ಕದಿಯುವುದು. ಇದು ಹೇಗೆ ಸಾಧ್ಯವೆಂದು ಬೆರಗಾಗಬೇಡಿ. ಕಾಗದದ ಮೇಲೆ ಮಸಿಯಲ್ಲಿ ಚೆನ್ನಾಗಿ ಮೂಡಿದ ಹೆಬ್ಬೆಟ್ಟು ಸಿಕ್ಕರೆ, ರಬ್ಬರ್ ಸ್ಟಾಂಪು ಮಾಡುವಂತೆಯೇ ಅದರ ಅಚ್ಚನ್ನು ತೆಗೆಯಬಹುದು. ೨೦೧೮ರಲ್ಲಿ ತೆಲಂಗಾಣದಲ್ಲಿ ಸಿಮ್ ಮಾರುವ ಒಬ್ಬನು ಜಮೀನು ನೋಂದಣಿಯ ಪತ್ರಗಳಲ್ಲಿದ್ದ ಹೆಬ್ಬೆಟ್ಟುಗಳಿಂದ ಹೀಗೆ ಅಚ್ಚು ತಯಾರಿಸಿ, ಬೇರೆಯವರ ಹೆಸರಿನಲ್ಲಿ ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿ ಸಿಕ್ಕಿಬಿದ್ದನು. ೨೦೨೩ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ, ಅವರು ಯಾರಿಗೂ ಏನನ್ನೂ ಹೇಳದೆಯೇ, ಆಧಾರ್ ಮೂಲಕ ಹಣ ಹೋಯಿತು. ನೋಂದಣಿ ಪತ್ರಗಳ ಪ್ರತಿಯಲ್ಲಿ ಕಾಣುತ್ತಿದ್ದ ಬೆರಳಚ್ಚನ್ನು ನಕಲು ಮಾಡಲಾಗಿತ್ತೆಂಬುದು ಪೋಲೀಸರ ವಿಚಾರಣೆಯಲ್ಲಿ ಹೊರಬಿತ್ತು. ಪತ್ರಗಳಲ್ಲಿನ ಬೆರಳಚ್ಚು ಹೊರಗಿನವರಿಗೆ ಕಾಣದಂತೆ ಮಾಡುವ ಕ್ರಮಕ್ಕೆ ಇಲಾಖೆಯವರು ಆಮೇಲೆ ಮುಂದಾದರು. ಆದರೆ ಅದಕ್ಕೆ ಮೊದಲು ಹೊರಗೆ ಹೋದ ಪ್ರತಿಗಳನ್ನು ಯಾರೂ ವಾಪಸು ತರಲಾರರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಆಧಾರ್ ಸಂಖ್ಯೆ ಯಾರಿಗಾದರೂ ತಿಳಿದುಬಿಟ್ಟರೆ ಮುಗಿಯಿತು ಎಂದು ಕೆಲವರು ಹೆದರುತ್ತಾರೆ. ಬರಿಯ ಸಂಖ್ಯೆಯಿಂದ ಯಾರೂ ಹಣ ತೆಗೆಯಲಾರರು. ಸಂಖ್ಯೆಯೂ ಬೆರಳಚ್ಚೂ ಒಂದೇ ಕಡೆ ಸೇರಿದಾಗ ಅಪಾಯ. ಕ್ರಯಪತ್ರದ ಜೊತೆಗೆ ಆಧಾರಿನ ಜೆರಾಕ್ಸು ಲಗತ್ತಿಸಿದಾಗ ಆಗುವುದು ಇದೇ. ಇದಕ್ಕೆ ಪ್ರಾಧಿಕಾರವೇ ಒಂದು ಉಪಾಯ ಮಾಡಿದೆ. ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಆಧಾರ್ ಪ್ರತಿ ಅವರ ತಾಣದಿಂದಲೇ ಸಿಗುತ್ತದೆ. ಪೂರ್ತಿ ಸಂಖ್ಯೆ ಬೇಕೇಬೇಕೆಂಬ ನಿಯಮ ಇಲ್ಲದ ಕಡೆ ಇದನ್ನೇ ಕೊಡಿ. ಹತ್ತು ಜೆರಾಕ್ಸು ಮಾಡಿಸಿ ಚೀಲದಲ್ಲಿಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ ಹಂಚುವ ಅಭ್ಯಾಸ ನಮ್ಮಲ್ಲಿದೆ. ಸಂತೆಯಲ್ಲಿ ಮೆಣಸಿನಕಾಯಿ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿದಾಗ ಯಾರದೋ ಆಧಾರ್ ಪ್ರತಿಯಾಗಿದ್ದುದನ್ನು ನಾನೇ ಕಂಡಿದ್ದೇನೆ. ಕೊಡುವ ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಖು ಎಂದು ಅಡ್ಡಲಾಗಿ ಬರೆದು ಸಹಿ ಹಾಕುವುದು ಒಳ್ಳೆಯದು.

ಈಗ ಬೀಗದ ವಿಷಯಕ್ಕೆ ಬರುತ್ತೇನೆ. ಬೆರಳನ್ನು ಬದಲಿಸಲಾಗದಿದ್ದರೂ ಬೆರಳಿಗೆ ಬೀಗ ಹಾಕಬಹುದು. ಇದಕ್ಕೆ ಬಯೋಮೆಟ್ರಿಕ್ ಲಾಕ್ ಎಂದು ಹೆಸರು. ಆಧಾರ್ ಪ್ರಾಧಿಕಾರದ "ಮೈ ಆಧಾರ್" ತಾಣಕ್ಕೆ ಹೋಗಿ, ತಮ್ಮ ಸಂಖ್ಯೆ ಹಾಕಿ, ಫೋನಿಗೆ ಬಂದ ಓಟಿಪಿ ಒತ್ತಿ ಒಳಗೆ ಹೋದರೆ, ಬಯೋಮೆಟ್ರಿಕ್ ಲಾಕ್ ಮಾಡುವ ಗುಂಡಿ ಕಾಣುತ್ತದೆ. ಪ್ರಾಧಿಕಾರದ್ದೇ ಆದ ಫೋನ್ ಆ್ಯಪಿನಲ್ಲೂ ಈ ಏರ್ಪಾಡು ಇದೆ. ಇದು ಪುಕ್ಕಟೆ. ಲಾಕ್ ಆದ ಮೇಲೆ ತಮ್ಮ ಬೆರಳಾಗಲಿ, ಕಣ್ಣಾಗಲಿ, ಮುಖವಾಗಲಿ, ಅಸಲಿಯಾದರೂ ನಕಲಿಯಾದರೂ, ಯಾವ ಯಂತ್ರವೂ ಒಪ್ಪುವುದಿಲ್ಲ. ಪರದೆಯ ಮೇಲೆ ೩೩೦ ಎಂಬ ತಪ್ಪುಸಂಖ್ಯೆ ಬರುತ್ತದೆ. ಬಯೋಮೆಟ್ರಿಕ್‌ಗೆ ಬೀಗ ಬಿದ್ದಿದೆ ಎಂದೇ ಅದರ ಅರ್ಥ. ಓಟಿಪಿ ಮೂಲಕ ನಡೆಯುವ ಕೆಲಸಗಳಿಗೆ ಈ ಬೀಗದಿಂದ ಅಡ್ಡಿಯಿಲ್ಲ. ಬೇಕಾದಾಗ ಅದೇ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ಮಾತ್ರ ತೆರೆಯಬಹುದು. ಆಮೇಲೆ ತಾನಾಗಿಯೇ ಮತ್ತೆ ಬೀಗ ಬೀಳುತ್ತದೆ.

ಆದರೆ ಎಲ್ಲರೂ ಇವತ್ತೇ ಲಾಕ್ ಮಾಡಿಬಿಡಿ ಎಂದು ನಾನು ಹೇಳಲಾರೆ. ಈ ವಿಷಯವನ್ನು ಪೇಟೆಯ ಪತ್ರಿಕೆಗಳಲ್ಲಿ ಬರೆಯುವವರು ಇಲ್ಲಿಯೇ ಎಡವುತ್ತಾರೆ. ಅವರಿಗೆ ತಿಂಗಳು ತಿಂಗಳು ಬೆರಳಿಟ್ಟು ಅಕ್ಕಿ ತರುವ ಕೆಲಸವಿಲ್ಲ. ಲಾಕ್ ಮಾಡಿದ ಬೆರಳು ನ್ಯಾಯಬೆಲೆ ಅಂಗಡಿಯಲ್ಲೂ ಗೊಬ್ಬರದ ಅಂಗಡಿಯಲ್ಲೂ ನಡೆಯುವುದಿಲ್ಲ. ಆಧಾರಿಗೆ ಫೋನ್ ನಂಬರು ಜೋಡಣೆಯಾಗಿದ್ದು, ಮನೆಯಲ್ಲಿ ಆ ಫೋನನ್ನು ಬಳಸಬಲ್ಲ ಮಗನೋ ಸೊಸೆಯೋ ಇದ್ದರೆ ಧಾರಾಳವಾಗಿ ಲಾಕ್ ಮಾಡಿ; ಅಂಗಡಿಯ ಸರದಿಯಲ್ಲಿ ನಿಂತಾಗ ತೆರೆದರಾಯಿತು. ಜಮೀನು ನೋಂದಣಿ ಮಾಡಿಸಿದವರಂತೂ ಮಾಡಲೇಬೇಕು. ಆದರೆ ಒಂಟಿಯಾಗಿರುವ ವೃದ್ಧರು, ಫೋನಿಲ್ಲದವರು, ಹಳೆಯ ನಂಬರು ಕಳೆದುಕೊಂಡವರು ಅವಸರದಿಂದ ಲಾಕ್ ಮಾಡಿದರೆ ತಮ್ಮ ಅಕ್ಕಿಗೆ ತಾವೇ ಅಡ್ಡ ನಿಂತಂತಾದೀತು. ಅಂಥವರು ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಈಗಿನ ನಂಬರು ಜೋಡಿಸಿಕೊಳ್ಳಲಿ. ಆಧಾರ್ ಮೂಲಕ ಹಣ ಬಿಡಿಸುವ ಪದ್ಧತಿಯೇ ಇಲ್ಲದವರು, ತಮ್ಮ ಖಾತೆಗೆ ಆ ಸೌಲಭ್ಯವನ್ನು ನಿಲ್ಲಿಸಿರೆಂದು ಬ್ಯಾಂಕಿಗೆ ಅರ್ಜಿ ಬರೆದು ಕೇಳಬಹುದು.

ಬೀಗ ಹಾಕಿದರೂ ಹಾಕದಿದ್ದರೂ ಎಲ್ಲರೂ ನೋಡಬೇಕಾದ ಒಂದು ಪುಟ ಅದೇ ತಾಣದಲ್ಲಿದೆ. ಕಳೆದ ಆರು ತಿಂಗಳಲ್ಲಿ ತಮ್ಮ ಆಧಾರ್ ಯಾವ ದಿನ, ಎಷ್ಟು ಹೊತ್ತಿಗೆ, ಬೆರಳಿನಿಂದಲೋ ಓಟಿಪಿಯಿಂದಲೋ ಬಳಕೆಯಾಯಿತು ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ಇದು ಹೆಬ್ಬೆಟ್ಟಿನ ಪಾಸ್‌ಬುಕ್ಕು ಇದ್ದಂತೆ. ತಾವು ಹೊಲದಲ್ಲಿ ನಾಟಿ ಮಾಡಿಸುತ್ತಿದ್ದ ದಿನ ಮಧ್ಯಾಹ್ನ ಎಲ್ಲೋ ಬೆರಳು ಒತ್ತಿದ್ದೀರೆಂದು ಪಟ್ಟಿ ಹೇಳಿದರೆ ತಕ್ಷಣ ಲಾಕ್ ಮಾಡಿ, ೧೯೪೭ಕ್ಕೆ ಫೋನ್ ಮಾಡಿ. ಅದು ಆಧಾರ್ ಪ್ರಾಧಿಕಾರದ ನಂಬರು. ಸ್ವಾತಂತ್ರ್ಯ ಬಂದ ವರ್ಷವನ್ನು ನೆನೆದರೆ ನಂಬರು ಮರೆಯುವುದಿಲ್ಲ.

ಹೆಬ್ಬೆಟ್ಟಿನ ಮಾತು ಇಷ್ಟಾಯಿತು. ಫೋನಿನ ಮೂಲಕ ಬರುವ ಹೆಗ್ಗಣ ಬೇರೆ. ಪಿಎಂ ಕಿಸಾನ್ ಯೋಜನೆ ೨೦೧೯ರಲ್ಲಿ ಆರಂಭವಾಗಿ, ವರ್ಷಕ್ಕೆ ೬೦೦೦ ರೂಪಾಯಿ ೨೦೦೦ದಂತೆ ಮೂರು ಕಂತಿನಲ್ಲಿ ಬರುವುದು ತಮಗೆಲ್ಲ ಗೊತ್ತಿದೆ. ಅದೇ ಹೆಸರಿಟ್ಟುಕೊಂಡು ವಾಟ್ಸಾಪಿನಲ್ಲಿ ಒಂದು ಕಡತ ಬರುತ್ತದೆ; ಹೆಸರಿನ ಕೊನೆಯಲ್ಲಿ ಚುಕ್ಕಿ ಇಟ್ಟು "ಎಪಿಕೆ" ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಕಳಿಸಿದವರು ನಮ್ಮೂರಿನವರೇ ಆಗಿರಬಹುದು, ಏಕೆಂದರೆ ಅವರ ಫೋನು ಆಗಲೇ ಕೆಟ್ಟಿದ್ದು, ಅವರಿಗೆ ಅರಿವಿಲ್ಲದೆ ತಾನೇ ಎಲ್ಲರಿಗೂ ಕಳಿಸುತ್ತಿರುತ್ತದೆ. ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲೂ ಹೀಗೆ ಬರುವುದುಂಟು. ಕರೆಯೋಲೆ ಎಂದರೆ ಒಂದು ಚಿತ್ರ ಅಷ್ಟೆ. ಎಪಿಕೆ ಎಂಬುದು ಚಿತ್ರವಲ್ಲ, ಫೋನಿನೊಳಗೆ ಕೆಲಸ ಮಾಡುವ ಒಂದು ಆಳು. ಅದನ್ನು ಒತ್ತಿದರೆ "ಸಂದೇಶ ಓದಲು ಅಪ್ಪಣೆ ಕೊಡಿ" ಎಂದು ಕೇಳುತ್ತದೆ. ನಾವು ಓದದೆ ಒಪ್ಪಿಗೆ ಒತ್ತುತ್ತೇವೆ. ಅಲ್ಲಿಂದ ಮುಂದೆ ಬ್ಯಾಂಕಿನಿಂದ ಬರುವ ಓಟಿಪಿಯನ್ನು ನಾವು ಹೇಳುವುದೇ ಬೇಡ. ಆ ಆಳೇ ಓದಿ ತನ್ನ ಯಜಮಾನನಿಗೆ ಮುಟ್ಟಿಸುತ್ತಾನೆ. "ನಾನು ಯಾರಿಗೂ ಓಟಿಪಿ ಹೇಳಲಿಲ್ಲ, ಆದರೂ ಹಣ ಹೋಯಿತು" ಎಂದು ಅತ್ತವರ ಮಾತು ಸುಳ್ಳಲ್ಲ.

ಆದುದರಿಂದ ಹೊಸ ಆ್ಯಪು ಬೇಕಾದರೆ ಫೋನಿನಲ್ಲಿ ಇರುವ ಪ್ಲೇ ಸ್ಟೋರಿನಿಂದ ಮಾತ್ರ ತೆಗೆದುಕೊಳ್ಳಿ. ವಾಟ್ಸಾಪಿನಲ್ಲಿ ಬಂದದ್ದನ್ನು ಮುಟ್ಟಬೇಡಿ. ಮುಟ್ಟಿಬಿಟ್ಟಿದ್ದರೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇರೊಬ್ಬರ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಯುಪಿಐ ವಿಷಯದಲ್ಲಿ ಒಂದೇ ಮಾತು ಸಾಕು: ಹಣ ಕೊಡುವಾಗ ಪಿನ್ ಬೇಕು, ಪಡೆಯುವಾಗ ಪಿನ್ ಬೇಡ. ದನ ಕೊಳ್ಳುತ್ತೇನೆ, ಮುಂಗಡ ಕಳಿಸಿದ್ದೇನೆ, ಪಿನ್ ಒತ್ತಿ ಪಡೆದುಕೊಳ್ಳಿ ಎಂದವನು ದನದ ಬಾಲವನ್ನೂ ಕೊಳ್ಳುವವನಲ್ಲ.

"ಅವನು ನನ್ನ ಸರ್ವೆ ನಂಬರು, ಎಕರೆ ಗುಂಟೆ ಎಲ್ಲ ಸರಿಯಾಗಿ ಹೇಳಿದ. ಅದಕ್ಕೇ ತಾಲ್ಲೂಕು ಕಚೇರಿಯವನೆಂದು ನಂಬಿದೆ" ಎಂದು ಹಿರಿಯರೊಬ್ಬರು ನನ್ನೊಡನೆ ಹೇಳಿದರು. ಇದನ್ನು ಚೆನ್ನಾಗಿ ತಿಳಿದುಕೊಳ್ಳಿ. ನಮ್ಮ ರಾಜ್ಯದ ಪಹಣಿಗಳು ಭೂಮಿ ಯೋಜನೆಯಲ್ಲಿ ಗಣಕೀಕರಣವಾಗಿ ಎರಡು ದಶಕಕ್ಕೂ ಮೇಲಾಯಿತು. ಶಾನುಭೋಗರ ಕಡತದೊಳಗೆ ಬಚ್ಚಿಟ್ಟಿದ್ದ ದಾಖಲೆ ಎಲ್ಲರ ಕಣ್ಣಿಗೆ ಬಿದ್ದದ್ದರಿಂದ ರೈತನಿಗೆ ಬಹಳ ಉಪಕಾರವಾಗಿದೆ. ಅದರೊಂದಿಗೇ ಸರ್ವೆ ನಂಬರು ಹಾಕಿ ಯಾರು ಬೇಕಾದರೂ ಖಾತೆದಾರನ ಹೆಸರನ್ನೂ ವಿಸ್ತೀರ್ಣವನ್ನೂ ನೋಡಬಹುದಾಗಿದೆ. ಅಧಿಕಾರಿ ಎನ್ನುವುದಕ್ಕೆ ಅದು ಗುರುತಲ್ಲ. ಫೋನು ಇಟ್ಟು, ಕಚೇರಿಗೆ ಹೋಗಿ ವಿಚಾರಿಸಿ.

ನಮ್ಮ ವಿವರ ನಮ್ಮದು, ಅದನ್ನು ಕೇಳುವವನು ಕಾರಣ ಹೇಳಬೇಕು ಎಂಬುದು ಬರಿಯ ಎಚ್ಚರಿಕೆಯ ಮಾತಲ್ಲ, ಕಾನೂನಿನ ಮಾತು. ಇದರಲ್ಲಿ ನಮ್ಮ ನಾಡಿನವರೊಬ್ಬರ ಪಾಲು ದೊಡ್ಡದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ ೨೦೧೨ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಆಗ ಅವರಿಗೆ ಎಂಬತ್ತೈದು ದಾಟಿತ್ತು. ಅವರ ಹೆಸರಿನ ಆ ಮೊಕದ್ದಮೆಯಲ್ಲೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. ೨೦೧೮ರ ಸೆಪ್ಟೆಂಬರಿನ ತೀರ್ಪಿನಲ್ಲಿ, ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳಬಹುದೆಂದೂ, ಬ್ಯಾಂಕಿನ ಖಾತೆಗೂ ಸಿಮ್ಮಿಗೂ ಅದನ್ನು ಕಡ್ಡಾಯ ಮಾಡಲಾಗದೆಂದೂ ಕೋರ್ಟು ಹೇಳಿತು. ಪುಟ್ಟಸ್ವಾಮಿಯವರು ೨೦೨೪ರಲ್ಲಿ ತೀರಿಕೊಂಡರು. ೨೦೨೩ರಲ್ಲಿ ಸಂಸತ್ತು ಮಾಡಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಗೆ ೨೦೨೫ರ ನವೆಂಬರಿನಲ್ಲಿ ನಿಯಮಗಳು ಹೊರಟವು. ಅದು ಹಂತಹಂತವಾಗಿ ಜಾರಿಗೆ ಬರುವಂಥದು. ಅದರಲ್ಲಿ ನಮಗೆ ಬೇಕಾದ ಒಂದು ಅಂಶವುಂಟು: ನಮ್ಮ ವಿವರ ಕೇಳುವವರು, ಯಾವುದಕ್ಕೆ ಕೇಳುತ್ತೇವೆ ಎಂಬುದನ್ನು ಕನ್ನಡದಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಇಂಗ್ಲಿಷಿನ ಹತ್ತು ಪುಟದ ಕೆಳಗೆ ಒಪ್ಪಿಗೆ ಒತ್ತಿಸಿಕೊಳ್ಳುವ ಕಾಲಕ್ಕೆ ಅದು ಕೊನೆ ಹಾಡಲೆಂದು ನನ್ನ ಆಸೆ.

ಇಷ್ಟೆಲ್ಲ ಮಾಡಿಯೂ ಹಣ ಹೋದರೆ ಏನು ಮಾಡಬೇಕು? ೧೯೩೦ ಎಂಬ ನಂಬರಿಗೆ ಕೂಡಲೆ ಫೋನ್ ಮಾಡತಕ್ಕದ್ದು. ಕದ್ದ ಹಣವನ್ನು ಕಳ್ಳರು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗಿಸುತ್ತಾರೆ. ನಗದಾಗಿ ಹೊರಗೆ ಬೀಳುವುದರೊಳಗೆ ತಿಳಿಸಿದರೆ, ಆ ದಾರಿಯಲ್ಲಿರುವ ಬ್ಯಾಂಕುಗಳಲ್ಲಿ ಅದನ್ನು ತಡೆಹಿಡಿಯಲು ಸಾಧ್ಯ. ನೀರು ಒಡ್ಡು ಒಡೆದಾಗ ಮೊದಲ ಗಳಿಗೆಯಲ್ಲಿ ಒಂದು ಬುಟ್ಟಿ ಮಣ್ಣು ಸಾಕು. ಆಮೇಲೆ ಗಾಡಿ ಮಣ್ಣೂ ಸಾಲದು. ಊರ ಹಿರಿಯರನ್ನು ಕೇಳಿ, ನಾಳೆ ಪೇಟೆಗೆ ಹೋದಾಗ ನೋಡೋಣ ಎಂದು ಕಾಯಬೇಡಿ. ಹೋದ ಮೊತ್ತ, ಹೊತ್ತು, ಸಂದೇಶದಲ್ಲಿರುವ ವ್ಯವಹಾರದ ಸಂಖ್ಯೆ ಇವನ್ನು ಹತ್ತಿರ ಇಟ್ಟುಕೊಂಡು ಹೇಳಿ. ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು, ಒಂದು ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ. ತನ್ನ ತಪ್ಪಿಲ್ಲದೆ ಹಣ ಕಳೆದುಕೊಂಡು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನು ನಷ್ಟ ಹೊರಬೇಕಾಗಿಲ್ಲವೆಂದು ರಿಸರ್ವ್ ಬ್ಯಾಂಕು ೨೦೧೭ರ ಜುಲೈಯಲ್ಲಿ ಸುತ್ತೋಲೆ ಹೊರಡಿಸಿತು. ತಾನೇ ಗುಪ್ತ ಸಂಖ್ಯೆ ಹೇಳಿ ಕಳೆದುಕೊಂಡರೆ, ತಿಳಿಸುವ ತನಕದ ನಷ್ಟ ಅವನದೇ ಎಂದೂ ಅದರಲ್ಲಿತ್ತು. ಆದರೆ ಬ್ಯಾಂಕಿನ ಸಂದೇಶ ಬರಬೇಕಾದರೆ ಖಾತೆಗೆ ತಮ್ಮ ಈಗಿನ ಫೋನ್ ನಂಬರು ಕೊಟ್ಟಿರಬೇಕು. ಎಷ್ಟೋ ಜನರ ಖಾತೆಯಲ್ಲಿ, ಎಂದೋ ಖಾತೆ ತೆರೆಸಿದ ಏಜೆಂಟನ ನಂಬರು ಇನ್ನೂ ಕುಳಿತಿದೆ.

ತಮ್ಮ ಹೆಸರಿನಲ್ಲಿ ತಮಗೆ ಗೊತ್ತಿಲ್ಲದ ಸಿಮ್ಮು ಇದೆಯೇ ಎಂದು ನೋಡಲು ದೂರಸಂಪರ್ಕ ಇಲಾಖೆಯ "ಸಂಚಾರ್ ಸಾಥಿ" ತಾಣವಿದೆ, ೨೦೨೩ರಲ್ಲಿ ಆರಂಭವಾಯಿತು. ತಮ್ಮದಲ್ಲದ ನಂಬರು ಕಂಡರೆ ಅಲ್ಲಿಯೇ ದೂರು ಕೊಡಬಹುದು. ಜಾತ್ರೆಯಲ್ಲಿ ಫೋನು ಕಳೆದರೆ ಅದು ಯಾವ ಸಿಮ್ಮು ಹಾಕಿದರೂ ನಡೆಯದಂತೆ ತಡೆಯುವ ಏರ್ಪಾಡೂ ಅಲ್ಲಿದೆ. ಅದಕ್ಕೆ ಫೋನಿನ ಹದಿನೈದು ಅಂಕಿಯ ಗುರುತುಸಂಖ್ಯೆ ಬೇಕು. ನಕ್ಷತ್ರ, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಈ ಕ್ರಮದಲ್ಲಿ ಒತ್ತಿದರೆ ಅದು ಪರದೆಗೆ ಬರುತ್ತದೆ. ಇಂದೇ ನೋಡಿ, ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಡಿ.

ಬೆರಳಿಗೆ ಬೀಗ ಹಾಕಿಸಬೇಕೆನ್ನುವವರು ಸಂತೆಯ ದಿನ ಬೆಳಿಗ್ಗೆ ಹತ್ತು ಗಂಟೆಯಿಂದ ಪಂಚಾಯಿತಿ ಕಚೇರಿಗೆ ಬರಬಹುದು, ನಾನು ಅಲ್ಲಿರುತ್ತೇನೆ. ಆಧಾರಿಗೆ ಜೋಡಿಸಿದ ಫೋನನ್ನೇ ತನ್ನಿ, ಮರಳಿ ತೆರೆಯುವುದನ್ನು ಕಲಿಯಲು ಮನೆಯ ಹುಡುಗರೊಬ್ಬರನ್ನು ಜೊತೆಗೆ ಕರೆತನ್ನಿ. ಆ ತಿಂಗಳ ಅಕ್ಕಿ ತಂದಾದ ಮೇಲೆ ಬಂದರೆ ಅನುಕೂಲ. ದಾರಿ ನಾನು ತೋರಿಸುತ್ತೇನೆ, ಗುಂಡಿ ತಾವೇ ಒತ್ತಬೇಕು. ಬಂದ ಓಟಿಪಿಯನ್ನು ನನಗೂ ಹೇಳಬೇಡಿ.